ಇಲ್ಲೇ ಇರು ಎಂದವನು

ಅಸಾಹೆಲ್ ವಿಟ್ಕಂ ಕಾಲೇಜು ಸೇರಲು ಕಾರಣವಾದದ್ದು ಅವನ ತಲೆಯಲ್ಲ, ಕಾಲು. ಒಂದು ಚಳಿಗಾಲ ಕಾಡಿನಿಂದ ಮರ ಇಳಿಸುವಾಗ ದಿಮ್ಮಿಯೊಂದು ಜಾರಿ ಅವನ ಎಡಗಾಲಿನ ಮೇಲೆ ಉರುಳಿತ್ತು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ವರ್ಮಾಂಟಿನ ಆ ಗುಡ್ಡದ ಹೊಲದಲ್ಲಿ ಬೆಳೆಗಿಂತ ಕಲ್ಲೇ ಹೆಚ್ಚು; ಅಲ್ಲಿ ನೇಗಿಲ ಹಿಂದೆ ನಡೆಯಲು ಎರಡೂ ಕಾಲು ಗಟ್ಟಿಯಾಗಿರಬೇಕು. ಅವನ ಅಪ್ಪ ಮಾತು ಕಡಿಮೆಯ ಮನುಷ್ಯ. ಬಹಳ ದಿನ ಒಳಗೊಳಗೇ ಯೋಚಿಸಿ, ಒಂದು ದಿನ ಊಟಕ್ಕೆ ಕೂತಾಗ ತಟ್ಟೆಯಿಂದ ತಲೆ ಎತ್ತದೆ ಹೇಳಿದ: “ನೇಗಿಲಿಗೆ ಆಗದ ಕಾಲು ಲ್ಯಾಟಿನ್‌ಗೆ ಆಗತ್ತೆ. ಪಾದ್ರಿಗಳ ಹತ್ರ ಮಾತಾಡಿದೀನಿ. ನೀನು ಓದು.”

ಹೀಗೆ, ಇಪ್ಪತ್ತು ದಾಟಿದ ಮೇಲೆ, ಇನ್ನೂ ಮೀಸೆ ಮೂಡದ ಹುಡುಗರ ನಡುವೆ ಅಸಾಹೆಲ್ ಎಲ್ಡನ್ ಕಾಲೇಜಿನ ಮೊದಲ ವರ್ಷಕ್ಕೆ ಬಂದು ಸೇರಿದ. ಸಾವಿರದ ಎಂಟುನೂರ ನಲವತ್ತರ ಸುಮಾರಿನ ಮಾತು. ಮ್ಯಾಸಚೂಸೆಟ್ಸ್‌ನ ಪಶ್ಚಿಮದ ಗುಡ್ಡಗಳಲ್ಲಿ ಎಲ್ಡನ್ ಒಂದು ಸಣ್ಣ ಊರು. ಗುಡ್ಡದ ನೆತ್ತಿಯ ಮೇಲೆ ಕಾಲೇಜಿನ ಇಟ್ಟಿಗೆ ಕಟ್ಟಡಗಳು, ಪ್ರಾರ್ಥನಾಮಂದಿರ, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ಕೈಪಂಪು. ಕೆಳಗೆ ಇಳಿಜಾರಿನಲ್ಲಿ ಊರು.

ಮೊದಲ ದಿನವೇ ಅವನ ಹೆಸರು ಅವನಿಗೆ ಮುಳುವಾಯಿತು. ಬೈಬಲಿನ ಅಸಾಹೆಲ್ ಕಾಡುಜಿಂಕೆಯಂತೆ ಓಡುವವನು. ಅದು ಅಲ್ಲಿ ಮಕ್ಕಳಿಗೂ ಗೊತ್ತು. ಪ್ರಾರ್ಥನಾಮಂದಿರದಲ್ಲಿ ಹಾಜರಿ ಕರೆದಾಗ ಇವನು ಕುಂಟುತ್ತಾ ಮುಂದೆ ಬಂದದ್ದೇ ತಡ, ಹಿಂದಿನ ಬೆಂಚಿನಿಂದ ಯಾರೋ ಕೂಗಿದರು: “ದಾರಿ ಬಿಡ್ರೋ, ಜಿಂಕೆ ಬಂತು!” ಮಂದಿರವೆಲ್ಲ ನಗೆ. ಅಂದಿನಿಂದ ಅವನು ಕಾಲೇಜಿಗೆಲ್ಲ ಜಿಂಕೆಯಾದ.

ಆ ನಗೆಯಲ್ಲಿ ಸೇರದವನು ಅವನ ಕೋಣೆಯ ಜೊತೆಗಾರ ಲೂಷಸ್ ಟೆನ್ನಿ ಒಬ್ಬನೇ. ಪಾದ್ರಿಯ ಮಗ. ಉದ್ದ ಕೈಕಾಲಿನ, ಮಾತಿನ ಮಲ್ಲ. ರಾತ್ರಿ ಒಲೆಗೆ ಸೌದೆ ತುರುಕುತ್ತಾ ಹೇಳಿದ: “ಜಿಂಕೆ ಅಂದ್ರೆ ನೀನೇ ಮೊದಲು ನಕ್ಕುಬಿಡು ಮಾರಾಯ. ಮುಖ ಬಾಡಿಸಿಕೊಂಡು ನಿಂತ್ರೆ ಇವ್ರು ನಾಲ್ಕು ವರ್ಷ ಬೇಟೆ ಆಡ್ತಾರೆ.”

“ನಂಗೆ ನಗೋಕೆ ತಡ ಆಗತ್ತೆ,” ಎಂದ ಅಸಾಹೆಲ್.

“ಪರವಾಗಿಲ್ಲ. ನಿನ್ನ ಪಾಲಿಂದೂ ನಾನೇ ನಗ್ತೀನಿ ಬಿಡು.”

ಬೆಳಗಿನ ಗಂಟೆ ಇನ್ನೂ ಕತ್ತಲಿರುವಾಗಲೇ ಬಾರಿಸುತ್ತಿತ್ತು. ಒಲೆ ಆರಿರುತ್ತಿತ್ತು, ಹೂಜಿಯ ನೀರು ಗಟ್ಟಿಯಾಗಿರುತ್ತಿತ್ತು. ಬೂಟಿನ ಹಿಮ್ಮಡಿಯಿಂದ ಮಂಜನ್ನು ಒಡೆದು ಮುಖಕ್ಕೆ ಎರಚಿಕೊಳ್ಳಬೇಕು. ಅಂಗಳದ ತುಂಬ ಹುಡುಗರು, ಮಲಗುವ ಅಂಗಿಯ ಮೇಲೆಯೇ ನಿಲುವಂಗಿ ಎಳೆದುಕೊಂಡು, ಒಂದು ಕೈಯಲ್ಲಿ ಬೂಟಿನ ದಾರ ಹಿಡಿದುಕೊಂಡು ಓಡುವವರೇ. ಗಂಟೆ ನಿಂತ ಮೇಲೆ ಮಂದಿರದ ಬಾಗಿಲು ಮುಚ್ಚುತ್ತಿತ್ತು. ಒಳಗೆ ಒಲೆಯಿಲ್ಲ. ಕಾಲೇಜಿನ ಅಧ್ಯಕ್ಷರ ಪ್ರಾರ್ಥನೆ ಅವರ ಬಾಯಿಂದ ಬಿಳಿಯ ಹಬೆಯಾಗಿ ಹೊರಬರುತ್ತಿತ್ತು. ಅದು ಮುಗಿದರೆ ಹಸಿದ ಹೊಟ್ಟೆಯಲ್ಲೇ ಪಾಠ ಒಪ್ಪಿಸುವುದು: ಹೊಗೆಯುಗುಳುವ ದೀಪದ ಕೆಳಗೆ ಲ್ಯಾಟಿನ್, ಇಲ್ಲವೇ ರೇಖಾಗಣಿತ. ಆಮೇಲೆಯೇ ತಿಂಡಿ.

ಮೊದಲ ಹಿಮ ಬಿದ್ದಾಗ ಅಸಾಹೆಲ್ ದಿನವೂ ತಡವಾಗತೊಡಗಿದ. ಮಂಜುಗಟ್ಟಿದ ಅಂಗಳದಲ್ಲಿ ಬಿದ್ದು ಎದ್ದು ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತಿತ್ತು. ಒಂದು ಬೆಳಿಗ್ಗೆ ಮೆಟ್ಟಿಲಿಳಿದರೆ ಕೆಳಗೆ ಲೂಷಸ್ ಸೌದೆ ಎಳೆಯುವ ಜಾರುಗಾಡಿಯ ಹಗ್ಗ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

“ಹತ್ತು.”

“ಬೇಡ ಕಣೋ. ಎಲ್ರೂ ನಗ್ತಾರೆ.”

“ಈಗೇನು ಅಳ್ತಾ ಇದಾರಾ? ಇಷ್ಟು ದಿನ ನೀನು ಬಿದ್ದಿದ್ದಕ್ಕೆ ನಕ್ಕರು. ಇನ್ಮೇಲೆ ನಾನು ಕತ್ತೆ ಆಗಿದ್ದಕ್ಕೆ ನಗಲಿ. ಹತ್ತು, ಗಂಟೆ ನಿಲ್ಲತ್ತೆ!”

ಆ ಚಳಿಗಾಲವಿಡೀ ಲೂಷಸ್ ಅವನನ್ನು ಎಳೆದ. ಮೊದಲ ದಿನ ಕೇಕೆ ಹಾಕಿದ ಹುಡುಗರು ಹಿಮ ಕರಗುವ ಹೊತ್ತಿಗೆ ತಾವೇ ಸರದಿಯಲ್ಲಿ ಹಗ್ಗ ಹಿಡಿಯುತ್ತಿದ್ದರು. ಅಸಾಹೆಲ್ ತನ್ನ ಕಡೆಯಿಂದ ಲೂಷಸ್‌ನ ಪಾಲಿನ ಸೌದೆಯನ್ನೂ ಸೀಳುತ್ತಿದ್ದ. ದಿಮ್ಮಿ ಹೊತ್ತ ತೋಳುಗಳು ಅವನವು. ರೇಖಾಗಣಿತದಲ್ಲಿ ಲೂಷಸ್ ಕಾಣದ ಹಾದಿಯನ್ನು ನಿಧಾನವಾಗಿ, ಒಂದೊಂದೇ ಗೆರೆ ಹಿಡಿದು ತೋರಿಸುತ್ತಿದ್ದ. ಒಂದೇ ಹಾಸಿಗೆ, ಒಂದೇ ದೀಪ, ಒಂದೇ ಒಲೆ. ಅಣ್ಣತಮ್ಮಂದಿರಿಗೂ ಇಷ್ಟು ಹೊಂದಿಕೆ ಇರುವುದಿಲ್ಲ ಎಂದು ಜನ ಹೇಳುತ್ತಿದ್ದರು.

ಊಟ ಮಾತ್ರ ಕೆಳಗೆ ಊರಿನಲ್ಲಿ. ಕಾಲೇಜಿನ ಊಟದ ಮನೆಯ ಬ್ರೆಡ್ಡಿಗೆ ಹೆದರಿದ ಹುಡುಗರೆಲ್ಲ ಊರಿನ ಮನೆಗಳಲ್ಲಿ ಗುಂಪು ಕಟ್ಟಿಕೊಂಡು ಉಣ್ಣುತ್ತಿದ್ದರು. ಇವರ ಗುಂಪು ವಿಧವೆ ಪೆಕ್ ಅವರ ಮನೆಯಲ್ಲಿ. ಹುಡುಗರೆಲ್ಲ ಅವರನ್ನು ಪೆಕ್ ಅತ್ತೆ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಮುಸುಕಿನ ಜೋಳದ ರೊಟ್ಟಿ, ಮೇಲೆ ಕಾಕಂಬಿ; ಮಧ್ಯಾಹ್ನ ಉಪ್ಪು ಹಾಕಿದ ಹಂದಿಮಾಂಸ, ಆಲೂಗಡ್ಡೆ; ಶನಿವಾರ ಸಂಜೆ ಮಡಕೆಯಲ್ಲಿ ಹಗಲೆಲ್ಲ ಬೆಂದ ಕಾಳು. ಬಡಿಸುತ್ತಿದ್ದವಳು ಅತ್ತೆಯ ಮಗಳು ಲೊವೀನಾ.

ಎತ್ತರದ ಹುಡುಗಿ. ಮುಖದ ತುಂಬ ಕಂದು ಚುಕ್ಕಿ, ಮೊಣಕೈವರೆಗೆ ಮಡಿಚಿದ ತೋಳು. ನಾಚಿಕೊಂಡು ಬಾಗಿಲ ಮರೆಗೆ ನಿಲ್ಲುವವಳಲ್ಲ. ಒಂದು ದಿನ ಮೇಜಿನ ತುದಿಯಿಂದ ದಡೂತಿ ಹುಡುಗನೊಬ್ಬ ಗೊಣಗಿದ: “ಈ ಮಾಂಸ ನೋಡಿದ್ರೆ ನೋಹನ ನಾವೆಯಿಂದ ಇಳಿದ ಪ್ರಾಣಿ ಇರಬೇಕು ಅನ್ಸತ್ತೆ.”

“ಹೌದು, ಜೋಡಿ ಬಂದಿತ್ತು,” ಎಂದಳು ಲೊವೀನಾ, ಅವನ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಾ. “ಒಂದು ತಟ್ಟೇಲಿದೆ. ಇನ್ನೊಂದು ಕೂತು ತಿಂತಾ ಇದೆ.”

ಮೇಜು ಬಿದ್ದು ಬಿದ್ದು ನಕ್ಕಿತು. ಅಸಾಹೆಲ್ ಕೂಡ ನಕ್ಕ, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆ ತಡವಾದ ನಗೆ ಕೇಳಿ ಅವಳು ತಿರುಗಿ ನೋಡಿದಳು.

ಬರಬರುತ್ತಾ ಊಟವಾದ ಮೇಲೆ ತಟ್ಟೆ ಎತ್ತುವಾಗ ಅವಳು ಅವನನ್ನು ಏನಾದರೂ ಕೇಳುವುದು ರೂಢಿಯಾಯಿತು. ಲೂಷಸ್‌ನನ್ನು ಕೇಳಿದರೆ ಅವನು ಭಾಷಣ ಬಿಗಿಯುತ್ತಿದ್ದ. ಅಸಾಹೆಲ್ ಕೇಳಿದ್ದಕ್ಕಷ್ಟೇ ಹೇಳುತ್ತಿದ್ದ. ಅವಳು ಕೇಳುತ್ತಿದ್ದುದೆಲ್ಲ ಜಾಗಗಳ ಸುದ್ದಿ. ಕಾರ್ಥೇಜಿಗೂ ರೋಮಿಗೂ ನಡುವೆ ಎಷ್ಟು ಸಮುದ್ರ? ಆನೆಗಳನ್ನು ಹಿಮದ ಬೆಟ್ಟ ಹತ್ತಿಸಿದವನು ಅವಕ್ಕೆ ಏನು ತಿನ್ನಿಸಿದ? ಗೊತ್ತಿಲ್ಲದಿದ್ದರೆ ಅಸಾಹೆಲ್ ಗೊತ್ತಿಲ್ಲ ಎನ್ನುತ್ತಿದ್ದ. ಅದು ಅವಳಿಗೆ ಹಿಡಿಸುತ್ತಿತ್ತು.

ಎರಡನೆಯ ವರ್ಷದ ಚಳಿಗಾಲದ ರಜೆಯಲ್ಲಿ, ಬಡ ಹುಡುಗರೆಲ್ಲ ಮಾಡುವಂತೆ, ಅಸಾಹೆಲ್ ಒಂದು ಗುಡ್ಡದ ಹಳ್ಳಿಗೆ ಮೇಷ್ಟ್ರಾಗಿ ಹೋದ. ಒಂದೇ ಕೋಣೆಯ ಶಾಲೆ. ಮೇಷ್ಟ್ರನ್ನು ಎತ್ತಿ ಹಿಮಕ್ಕೆ ಎಸೆಯುವುದು ಅಲ್ಲಿಯ ದೊಡ್ಡ ಹುಡುಗರ ವಾರ್ಷಿಕ ಹಬ್ಬ. ಮೊದಲ ವಾರವೇ ಎಲ್ಲರಿಗಿಂತ ದೊಡ್ಡವನೊಬ್ಬ ತೋಳು ಏರಿಸಿಕೊಂಡು ಬಂದ. ಅಸಾಹೆಲ್ ಅವನ ಸೊಂಟ ಹಿಡಿದು ಎತ್ತಿ, ಸೌದೆ ರಾಶಿಯ ಮೇಲೆ ಮೆತ್ತಗೆ ಕೂರಿಸಿದ. “ಹೋಗಿರೋದು ನನ್ನ ಕಾಲು ಮಾತ್ರ ಕಣಪ್ಪ,” ಎಂದ. ಆಮೇಲೆ ತಂಟೆಯಿರಲಿಲ್ಲ.

ತಂಟೆಯಿದ್ದದ್ದು ಮನಸ್ಸಿಗೆ. ವಾರಕ್ಕೊಂದು ಮನೆಯಲ್ಲಿ ಮೇಷ್ಟ್ರಿಗೆ ಊಟ, ಹಾಸಿಗೆ. ಅಟ್ಟದ ಮೇಲೆ ಮಲಗಿದರೆ ಹಲಗೆ ಸಂದಿನಿಂದ ಹಿಮದ ಪುಡಿ ಹೊದಿಕೆಯ ಮೇಲೆ ಬೀಳುತ್ತಿತ್ತು. ಕತ್ತಲಲ್ಲೇ ಎಚ್ಚರವಾಗುತ್ತಿತ್ತು, ಗಂಟೆಗಾಗಿ ಕಿವಿಗೊಡುತ್ತಿದ್ದ, ಗಂಟೆಯಿಲ್ಲ ಎಂದು ಆಮೇಲೆ ನೆನಪಾಗುತ್ತಿತ್ತು. ಊಟದ ಮೇಜಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಗೋಡೆ ಗಡಿಯಾರದ ಸದ್ದು, ಚಮಚದ ಸದ್ದು, ಅಷ್ಟೇ. ಆ ಮೌನದಲ್ಲಿ ಕೂತು ಅವನು ಪೆಕ್ ಅತ್ತೆಯ ಮನೆಯ ಗದ್ದಲವನ್ನು ನೆನೆಯುತ್ತಿದ್ದ. ಮೊದಮೊದಲು ಗದ್ದಲವೆಲ್ಲ ನೆನಪಾಗುತ್ತಿತ್ತು. ದಿನ ಕಳೆದಂತೆ ಉಳಿದ ದನಿಗಳೆಲ್ಲ ಒಂದೊಂದಾಗಿ ಕಳಚಿಹೋಗಿ ಒಂದು ದನಿ ಮಾತ್ರ ಉಳಿಯಿತು. ಆಗ ಅವನಿಗೆ ತನ್ನ ಸಂಗತಿ ತಿಳಿಯಿತು. ತಿಳಿದು ಹೆದರಿಕೆಯೂ ಆಯಿತು.

ರಜೆ ಮುಗಿಸಿ ಬಂದವನು ಕೋಣೆಗೂ ಹೋಗದೆ ನೇರ ಕೆಳಗಿನ ಮನೆಗೆ ಹೋದ. ಲೊವೀನಾ ಬಾಗಿಲು ತೆರೆದು ನೋಡಿ, “ಬಂದ್ರಾ? ನಿಮ್ಮ ಕುರ್ಚಿ ಮೇಲೆ ಬೆಕ್ಕು ಮಲಗೋದು ಕಲ್ತಿದೆ. ನೀವೇ ಎಬ್ಬಿಸ್ಕೊಳಿ,” ಎಂದಳು. ಅಷ್ಟೇ. ಆದರೆ ತನ್ನದು ಎನ್ನುವ ಒಂದು ಕುರ್ಚಿ ಆ ಮನೆಯಲ್ಲಿದೆ ಎನ್ನುವುದು ಅವನ ಎದೆಯಲ್ಲಿ ಬಹಳ ದಿನ ಬೆಚ್ಚಗಿತ್ತು.

ಅವನ ಮುಖ ನೋಡಿದರೇ ಎಲ್ಲರಿಗೂ ಗೊತ್ತಾಗುತ್ತಿತ್ತು. “ನಾವೆಲ್ಲ ಬಾಯ್ಮಾತಿಗೆ ಅತ್ತೆ ಅಂತೀವಿ,” ಎಂದು ಆ ದಡೂತಿ ಹುಡುಗ ಕಿಚಾಯಿಸುತ್ತಿದ್ದ. “ನಮ್ಮ ಜಿಂಕೆ ಮಾತ್ರ ಮನಸ್ಸಿಟ್ಟು ಅಂತಾನೆ ಕಣ್ರೋ.” ಮನಸ್ಸಿನಲ್ಲಿ ಬೇರೇನೋ ಇದ್ದಂತೆ ಆ ಮಾತಿಗೆ ನಗದೆ ಸುಮ್ಮನಿರುತ್ತಿದ್ದವನು ಲೂಷಸ್. ಗೆಳೆಯನ ಗುಟ್ಟು ಕಾಯುತ್ತಿದ್ದಾನೆ ಎಂದುಕೊಂಡಿದ್ದ ಅಸಾಹೆಲ್.

ಮೂರನೆಯ ವರ್ಷದ ಮಾರ್ಚಿನಲ್ಲಿ ಮೇಪಲ್ ಮರಗಳ ಸಿಹಿರಸ ಇಳಿಯುವ ಕಾಲ. ಊರಾಚೆಯ ತೋಪಿನಲ್ಲಿ ದೊಡ್ಡ ಕೊಪ್ಪರಿಗೆಗಳಲ್ಲಿ ಪಾಕ ಕುದಿಯುತ್ತಿತ್ತು. ಕಾಲೇಜಿನ ಹುಡುಗರೂ ಊರ ಹುಡುಗಿಯರೂ ಸೇರಿ ಹೋಗಿ, ಬಿಸಿ ಪಾಕವನ್ನು ಹೊಸ ಹಿಮದ ಮೇಲೆ ಎಳೆ ಎಳೆಯಾಗಿ ಸುರಿದು, ಅದು ಅಂಟಾಗಿ ಗಟ್ಟಿಯಾದಾಗ ಕಡ್ಡಿಗೆ ಸುತ್ತಿಕೊಂಡು ತಿನ್ನುತ್ತಿದ್ದರು. ಸಿಹಿ ಸಾಕೆನಿಸಿದರೆ ನಡುನಡುವೆ ಉಪ್ಪಿನಕಾಯಿ. ಲೂಷಸ್ ಮರದ ಬೊಡ್ಡೆಯ ಮೇಲೆ ನಿಂತು ಅಧ್ಯಕ್ಷರ ಪ್ರಾರ್ಥನೆಯ ಅಣಕ ಮಾಡುತ್ತಿದ್ದ. ಲೊವೀನಾ ಮತ್ತು ಅಸಾಹೆಲ್ ಒಲೆಯ ಈಚೆ, ಹೊಗೆ ಬಾರದ ಕಡೆ ಕೂತಿದ್ದರು.

“ನಮ್ಮಪ್ಪ ಕುದುರೆ ಕೋಚು ಹೊಡೀತಿದ್ರು, ಗೊತ್ತಲ್ಲ?” ಎಂದಳು ಅವಳು. “ಚಿಕ್ಕವಳಿದ್ದಾಗ ಒಂದೇ ಒಂದು ಸಲ ಪಕ್ಕದಲ್ಲಿ ಕೂರಿಸ್ಕೊಂಡು ಆಲ್ಬನಿವರೆಗೆ ಕರ್ಕೊಂಡು ಹೋಗಿದ್ರು. ನದೀಲಿ ಹಡಗು ನಿಂತಿತ್ತು. ಅದು ಎಲ್ಲಿಗೆ ಹೋಗತ್ತೆ ಅಪ್ಪ ಅಂದೆ. ದೂರ ಅಂದ್ರು. ನಾವೂ ಹೋಗೋಣ ಅಂದೆ. ‘ನಮ್ಮ ರಸ್ತೆ ಇಲ್ಲಿಗೆ ಮುಗೀತು ಮಗು’ ಅಂತ ಕುದುರೆ ತಿರುಗಿಸಿದ್ರು.”

“ಆಮೇಲೆ?”

“ಆಮೇಲೇನು. ಮನೆಗೆ ಬಂದ್ವಿ. ಅವತ್ತಿಂದ ತಟ್ಟೆ ತೊಳೀತಾ ಇದೀನಿ.” ಅವಳು ನಕ್ಕಳು. ಕಡ್ಡಿಯ ತುದಿಯ ಪಾಕ ಕರಗಿ ಬೆರಳಿಗೆ ಇಳಿಯುತ್ತಿತ್ತು, ಅವಳಿಗೆ ಅದರ ಪರಿವೆಯಿರಲಿಲ್ಲ. “ಈ ಗುಡ್ಡ ನಂಗೆ ಬೇಜಾರಿಲ್ಲ, ವಿಟ್ಕಂ. ಆದ್ರೆ ಒಂದೊಂದು ಸಲ ಬಟ್ಟೆ ಒಣಗಿಸೋಕೆ ಹಿತ್ತಲಿಗೆ ಹೋದಾಗ ಗಾಳಿ ಬೀಸತ್ತಲ್ಲ, ಆಗ ಯಾರೋ ಲಂಗದ ಅಂಚು ಹಿಡಿದು ಜಗ್ಗಿದ ಹಾಗಾಗತ್ತೆ.”

ಅಸಾಹೆಲ್‌ಗೆ ಆ ಕ್ಷಣದಲ್ಲಿ ಜಗತ್ತಿನಲ್ಲಿ ಬೇಕಾಗಿದ್ದುದು ಆ ತೋಪು, ಆ ಹೊಗೆ, ಪಕ್ಕದಲ್ಲಿ ಅವಳು. ಬೇರೆ ಯಾವ ಜಾಗವೂ ಬೇಡವಾಗಿತ್ತು.

ಕೊನೆಯ ವರ್ಷ ಲೂಷಸ್ ಬದಲಾದ. ಅಣಕ ನಿಂತಿತು, ಒಬ್ಬನೇ ದೂರ ದೂರ ನಡೆದು ಬರತೊಡಗಿದ. ವಸಂತದಲ್ಲಿ ಬಾಸ್ಟನ್ನಿಗೆ ಹೋಗಿ ಬಂದವನು, ಜೂನಿನ ಒಂದು ಮಧ್ಯಾಹ್ನ ಕೋಣೆಯ ಕಿಟಕಿಯ ಬಳಿ ಕೂತು ವಿಷಯ ಹೇಳಿದ. ಬೈರೂತಿನಲ್ಲಿ ಮಿಷನ್ ಶಾಲೆಗೆ ಮೇಷ್ಟ್ರು ಬೇಕು, ಇವನನ್ನು ಆರಿಸಿದ್ದಾರೆ, ಶರತ್ಕಾಲದಲ್ಲಿ ಹಡಗು.

“ಒಳ್ಳೇದಾಯ್ತು,” ಎಂದ ಅಸಾಹೆಲ್. ಆ ಕೋಣೆಯಲ್ಲಿ ಲೂಷಸ್ ಇಲ್ಲದ ದಿನವನ್ನು ಅವನು ಎಣಿಸಿಯೇ ಇರಲಿಲ್ಲ.

“ಒಂದು ತೊಡಕಿದೆ. ಒಬ್ಬಂಟಿಗನನ್ನ ಕಳಿಸಲ್ವಂತೆ. ಹೆಂಡ್ತಿ ಬೇಕು. ಮಿಷನ್ ಪಾದ್ರಿಗಳು ಯಾರ್ಯಾರದೋ ಹೆಸ್ರು ಹೇಳಿದ್ರು. ಮುಖ ನೋಡದ ಹುಡುಗೀರು.” ಲೂಷಸ್ ಮಾತು ನಿಲ್ಲಿಸಿದ. ಮಾತಿನ ಮಲ್ಲನಿಗೆ ಮಾತು ಸಿಗುತ್ತಿರಲಿಲ್ಲ. “ನಾನು ಲೊವೀನಾನ ಕೇಳಬೇಕು ಅಂತಿದೀನಿ. ಇವತ್ತು ನಿನ್ನೆದಲ್ಲ ಕಣೋ ಇದು. ನಿನ್ನ ಮುಖ ನೋಡಿ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ನೀನೋ, ಕೇಳೋದೂ ಇಲ್ಲ, ಬಿಡೋದೂ ಇಲ್ಲ.”

ಅಸಾಹೆಲ್ ಎದ್ದು ನಿಂತ. “ನಾನು ಮೊದಲು ಕೇಳ್ತೀನಿ.”

ಲೂಷಸ್ ಅವನನ್ನೇ ನೋಡಿದ. ಆಮೇಲೆ ತಲೆಯಾಡಿಸಿದ. “ಹೋಗು. ನೀನು ಬರೋವರ್ಗೂ ನಾನು ಈ ಕುರ್ಚಿ ಬಿಟ್ಟು ಏಳಲ್ಲ.”

ಇಳಿಜಾರಿನಲ್ಲಿ ಕುಂಟುತ್ತಾ ಇಳಿದ ಅಸಾಹೆಲ್‌ಗೆ ಲೊವೀನಾ ಹಿತ್ತಲಿನಲ್ಲಿ ಸಿಕ್ಕಳು. ಮೇಜಿನ ಹಾಸುಗಳನ್ನು ಹಗ್ಗದ ಮೇಲೆ ಹರವುತ್ತಿದ್ದಳು. ಅವನು ಸುತ್ತುಬಳಸಿ ಮಾತಾಡುವವನಲ್ಲ.

“ಲೊವೀನಾ, ಆಶ್‌ಬ್ರೂಕಿನ ಶಾಲೆಯವ್ರು ನಂಗೆ ಕೆಲಸ ಕೊಡ್ತಾರೆ. ಇಲ್ಲಿಂದ ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದೊಳಗೆ ಅಲ್ಲಿ. ಮನೆ ಇದೆ, ಚಿಕ್ಕದು. ಸೇಬಿನ ಮರ ಇದಾವೆ. ಅಮ್ಮನ್ನ ನೋಡೋಕೆ ಯಾವಾಗ ಬೇಕಾದ್ರೂ ಬರಬಹುದು. ನೀವು ನನ್ನ ಮದುವೆ ಆಗಿ ಇಲ್ಲೇ ಇರ್ತೀರಾ?”

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಬುಟ್ಟಿಗೆ ಇಳಿಸಿದಳು. ಮುಖ ಕೆಂಪಾಗಿತ್ತು. “ಎಷ್ಟು ದಿನ ತಗೊಂಡ್ರಿ ಕೇಳೋಕೆ,” ಎಂದಳು ಮೆಲ್ಲಗೆ. ಅವಳ ಬಾಯಿಂದ ಇನ್ನೇನು ಬರಬಹುದಿತ್ತೋ. ಅಷ್ಟರಲ್ಲಿ ಅಸಾಹೆಲ್ ಕೈ ಎತ್ತಿ ತಡೆದ.

“ತಡೀರಿ. ಈಗ್ಲೇ ಹೇಳಬೇಡಿ. ಇನ್ನೊಂದು ಮಾತಿದೆ. ಲೂಷಸ್ ಕೂಡ ಕೇಳೋಕೆ ಬರ್ತಾನೆ. ಅವನು ಬೈರೂತಿಗೆ ಹೋಗ್ತಿದಾನೆ. ಸಮುದ್ರ ದಾಟಿ. ಅದನ್ನ ಮುಚ್ಚಿಟ್ಟು ನಿಮ್ಮಿಂದ ಹೂಂ ಅನ್ನಿಸ್ಕೊಂಡ್ರೆ ನಂಗೆ ಅದು ದಕ್ಕಲ್ಲ.”

ಹೇಳುತ್ತಲೇ ಅವಳ ಮುಖ ನೋಡಿದ. ಬೈರೂತ್ ಎಂಬ ಹೆಸರು ಕಿವಿಗೆ ಬಿದ್ದ ಗಳಿಗೆಯಲ್ಲಿ ಅವಳ ಕಣ್ಣು ಅವನನ್ನು ಬಿಟ್ಟು, ಹಗ್ಗದ ಮೇಲಿನ ಬಟ್ಟೆಗಳನ್ನು ಬಿಟ್ಟು, ಗುಡ್ಡದಾಚೆಗೆ ಹೋಯಿತು. ಕ್ಷಣಮಾತ್ರ. ಕೂಡಲೇ ಅವಳು ಕಣ್ಣನ್ನು ಹಿಂದಕ್ಕೆ ತಂದು ಅವನ ಮೇಲಿಟ್ಟಳು. ಆದರೆ ಅವನು ನೋಡಿಯಾಗಿತ್ತು.

“ಭಾನುವಾರದವರೆಗೆ ಸಮಯ ಕೊಡಿ,” ಎಂದಳು.

ಅವನು ಗುಡ್ಡ ಹತ್ತಿ ಬಂದು, ಕುರ್ಚಿಯಲ್ಲೇ ಕೂತಿದ್ದ ಲೂಷಸ್‌ಗೆ, “ಹೋಗು, ಕೇಳು,” ಎಂದಷ್ಟೇ ಹೇಳಿದ.

ಭಾನುವಾರ ಚರ್ಚು ಬಿಟ್ಟ ಮೇಲೆ ಸ್ಮಶಾನದ ಕಲ್ಲುಗೋಡೆಯ ಬಳಿ ಅವಳೇ ಅವನನ್ನು ನಿಲ್ಲಿಸಿದಳು. ಅತ್ತು ಕಣ್ಣು ಊದಿತ್ತು.

“ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ತಿಳ್ಕೋಬೇಡಿ. ಇಬ್ಬರಲ್ಲಿ ಯಾರು ಅಂತ ಮನಸ್ಸನ್ನ ಕೇಳಿದ್ರೆ ಅದು ನಿಮ್ಮ ಹೆಸ್ರೇ ಹೇಳತ್ತೆ. ಆದ್ರೆ ನೀವು ಇರು ಅಂದ್ರಿ. ಅವರು ಬಾ ಅಂದ್ರು.” ಗೋಡೆಯ ಕಲ್ಲಿನ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತಾ ಮತ್ತೆ ಹೇಳಿದಳು: “ಇಲ್ಲೇ ಉಳಿದ್ರೆ ನಾನು ನಿಮ್ಮ ಮನೆ ಕಿಟಕೀಲಿ ನಿಂತು ರಸ್ತೆ ನೋಡ್ತಾ ಇರ್ತೀನಿ, ವಿಟ್ಕಂ. ನೀವು ಅದನ್ನ ದಿನಾ ನೋಡಬೇಕಾಗತ್ತೆ. ಅದು ನಿಮಗೆ ಬೇಡ.”

ತನಗೆ ಅದೂ ಆದೀತು ಎಂದು ಹೇಳಬೇಕೆನ್ನಿಸಿತು ಅವನಿಗೆ. “ಚಳಿಗೆ ಬೇಕಾದ ಬಟ್ಟೆ ತಗೊಂಡು ಹೋಗಿ,” ಎಂದ. “ಹಡಗಲ್ಲಿ ಗಾಳಿ ಜಾಸ್ತಿ ಅಂತಾರೆ.”

ಆಗಸ್ಟಿನಲ್ಲಿ ಪದವಿ ಪ್ರದಾನವಾಯಿತು. ಲೂಷಸ್ ಲ್ಯಾಟಿನ್ ಭಾಷಣ ಮಾಡಿದ, ಜನ ಟೋಪಿ ಹಾರಿಸಿದರು. ಅದೇ ವಾರ ಪೆಕ್ ಅತ್ತೆಯ ಮನೆಯಲ್ಲಿ ಮದುವೆ. ಮದುಮಗನ ಬಲಕ್ಕೆ ನಿಂತವನು ಅಸಾಹೆಲ್. ಬೇರೆ ಯಾರನ್ನೂ ನಿಲ್ಲಿಸಲು ಲೂಷಸ್ ಒಪ್ಪಲಿಲ್ಲ. ಕೋಚು ಹೊರಡುವ ಮೊದಲು ಗೆಳೆಯರಿಬ್ಬರೂ ಕುದುರೆಗಳ ಆಚೆ ಸರಿದು ನಿಂತರು.

“ನನ್ನ ಮೇಲೆ ಸಿಟ್ಟಿದ್ಯಾ?”

“ಇದೆ.”

“ಹೋಗತ್ತಾ?”

“ಹೋಗಬಹುದು. ಹೋಗದಿದ್ರೂ ನೀನು ನನ್ನನ್ನ ಜಾರುಗಾಡೀಲಿ ಎಳೆದೋನೇ.” ಅಸಾಹೆಲ್ ಅವನ ಕೊರಳಪಟ್ಟಿ ಸರಿಮಾಡಿದ. “ಅವಳನ್ನ ಚೆನ್ನಾಗಿ ನೋಡ್ಕೊ.”

ಕೋಚು ಇಳಿಜಾರು ತಿರುಗಿತು. ಲೊವೀನಾ ಮುಂದೆ ನೋಡುತ್ತಾ ಕೂತಿದ್ದಳು. ತಿರುವಿನಲ್ಲಿ ಒಮ್ಮೆ ಹಿಂದಕ್ಕೆ ನೋಡಿದಳೇ ಇಲ್ಲವೇ ಎಂಬುದು ದೂಳಿನಲ್ಲಿ ಅವನಿಗೆ ಕಾಣಲಿಲ್ಲ. ಬಹಳ ವರ್ಷ ಅವನು ಅದನ್ನೇ ಯೋಚಿಸುತ್ತಿದ್ದ.

ಅವನು ಆಶ್‌ಬ್ರೂಕಿಗೆ ಹೋಗಿ ಶಾಲೆಯ ಮೇಷ್ಟ್ರಾದ. ಹುಡುಗರನ್ನು ಕಾಲೇಜಿಗೆ ತಯಾರು ಮಾಡುವ ಕೆಲಸ. ಅವನ ನಿಧಾನ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಕಲಿಸುವುದು ಹಿತವಾಗಿಯೇ ಇತ್ತು. ಆದರೆ ಸಂಜೆ ಹುಡುಗರು ಮನೆಗೆ ಹೋದ ಮೇಲೆ ಅವನು ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತುತ್ತಿದ್ದ. ಗಾಳಿ ಸರಿಯಾಗಿದ್ದ ದಿನ ಎಲ್ಡನ್ ಕಾಲೇಜಿನ ಗಂಟೆ ಅಲ್ಲಿಗೆ ಕೇಳಿದಂತಾಗುತ್ತಿತ್ತು. ಗಂಟೆಯ ಜೊತೆಗೆ ಮಂಜಿನ ಅಂಗಳ, ಲೂಷಸ್‌ನ ಕೂಗು, ಸೀಮೆಸುಣ್ಣ ಮೆತ್ತಿದ ತೋಳುಗಳ ನೂಕುನುಗ್ಗಲು, ಕೆಳಗಿನ ಮನೆಯ ರೊಟ್ಟಿಯ ವಾಸನೆ ಎಲ್ಲವೂ ಬರುತ್ತಿದ್ದವು. ಕಾಲೇಜಿನಲ್ಲಿದ್ದಾಗ ಅದು ಚಳಿ, ಹಸಿವು, ಗೊಣಗಾಟಗಳ ಬದುಕಾಗಿತ್ತು. ತನ್ನ ಜೀವಮಾನದ ಸುಖವೆಲ್ಲ ಅದರಲ್ಲೇ ಇತ್ತು ಎನ್ನುವುದು ಅವನಿಗೆ ಆ ದಿಬ್ಬದ ಮೇಲೆ ತಿಳಿಯಿತು.

ನಾಲ್ಕಾರು ವರ್ಷಗಳ ನಂತರ ಬೈರೂತಿನಿಂದ ಸುದ್ದಿ ಬಂತು: ಬೇಸಗೆಯ ಜ್ವರದಲ್ಲಿ ಲೂಷಸ್ ತೀರಿಕೊಂಡಿದ್ದ. ಅಸಾಹೆಲ್ ಆ ದಿನ ಶಾಲೆಗೆ ರಜೆ ಕೊಟ್ಟು, ಸೌದೆಮನೆಗೆ ಹೋಗಿ, ಕತ್ತಲಾಗುವವರೆಗೆ ಯಾರಿಗೂ ಬೇಕಿಲ್ಲದ ಸೌದೆ ಸೀಳಿದ. ಸಿಟ್ಟು ಯಾವಾಗಲೋ ಹೋಗಿತ್ತು. ಅದನ್ನು ಗೆಳೆಯನಿಗೆ ಹೇಳಿರಲಿಲ್ಲ.

ಒಂದು ವರ್ಷ ತಡೆದು ಅವನು ಲೊವೀನಾಳನ್ನು ಊರಿಗೆ ಬರುವಂತೆ ಕೇಳಿಕೊಂಡು ಬರೆದ. ಇಲ್ಲದಿದ್ದರೆ ತಾನೇ ಅಲ್ಲಿಗೆ ಬರಲೇ ಎಂದೂ ಕೇಳಿದ. ಅವಳ ಉತ್ತರ ಬರುವಷ್ಟರಲ್ಲಿ ಸೇಬಿನ ಮರಗಳು ಹೂಬಿಟ್ಟು ಕಾಯಾಗಿದ್ದವು. ತಾನು ನಡೆಸುತ್ತಿರುವ ಶಾಲೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಬಿಟ್ಟು ಬರಲಾರೆ ಎಂದಿದ್ದಳು. ‘ಈ ಊರು ಬೇಕು ಅಂತಿದ್ದರೆ ಬನ್ನಿ, ಬಾಗಿಲು ತೆರೆದಿದೆ. ನನಗಾಗಿ ಮಾತ್ರ ಬರುವುದಾದರೆ ಬೇಡ. ನಾಳೆ ನೀವು ಕಿಟಕಿಯಲ್ಲಿ ನಿಂತು ರಸ್ತೆ ನೋಡುವಂತಾಗಬಾರದು.’

ಅಸಾಹೆಲ್ ವಾರಗಟ್ಟಲೆ ತನ್ನನ್ನು ತಾನೇ ಕೇಳಿಕೊಂಡ. ಅವನಿಗೆ ಬೈರೂತ್ ಬೇಕಿರಲಿಲ್ಲ. ಸುಳ್ಳು ಹೇಳಿಕೊಂಡು ಹಡಗು ಹತ್ತಬಹುದಿತ್ತು. ಹಿತ್ತಲಿನಲ್ಲಿ ನಿಂತು ನಿಜ ಹೇಳಿದವನಿಗೆ ಈಗ ಅದು ಸಾಧ್ಯವಾಗಲಿಲ್ಲ. ಅವನು ಉಳಿದ. ಮದುವೆಯಾಗಲಿಲ್ಲ. ಊರವರು ಹೆಣ್ಣು ತೋರಿಸಿ ತೋರಿಸಿ ಕೊನೆಗೆ ಸುಮ್ಮನಾದರು.

ಕಾಲ ಸರಿಯಿತು. ದೇಶದೊಳಗೇ ಯುದ್ಧ ಹತ್ತಿ, ಅವನು ಲ್ಯಾಟಿನ್ ಕಲಿಸಿದ ಎಷ್ಟೋ ಹುಡುಗರು ವರ್ಜೀನಿಯಾದ ಮಣ್ಣಿಗೆ ಸೇರಿದರು. ಯುದ್ಧ ಮುಗಿದ ಮರುವರ್ಷ, ಪೆಕ್ ಅತ್ತೆಯ ಮನೆಯನ್ನು ತನ್ನ ಸೋದರತ್ತೆಯ ಮಕ್ಕಳಿಗೆ ಒಪ್ಪಿಸಿಕೊಡಲು ಲೊವೀನಾ ಬಂದಳು. ಪೆಕ್ ಅತ್ತೆ ತೀರಿ ಆಗಲೇ ಬಹಳ ದಿನವಾಗಿತ್ತು.

ಅಸಾಹೆಲ್ ಕುದುರೆಗಾಡಿ ಕಟ್ಟಿಕೊಂಡು ಎಲ್ಡನ್‌ಗೆ ಹೋದ. ಕಾಲೇಜಿನ ಅಂಗಳದಲ್ಲಿ ಅವಳು ನಿಂತಿದ್ದಳು. ಬಿಸಿಲಿಗೆ ಮುಖದ ಚುಕ್ಕಿಗಳೆಲ್ಲ ಒಂದಾಗಿ ಕಂದುಬಣ್ಣವಾಗಿತ್ತು, ಕೂದಲು ನರೆತಿತ್ತು. ಅವನ ನಡಿಗೆಯನ್ನು ದೂರದಿಂದಲೇ ಗುರುತಿಸಿ ಕೈ ಎತ್ತಿದಳು.

“ಬಾ ಅಸಾಹೆಲ್,” ಎಂದಳು. ಅವಳು ಅವನನ್ನು ಆ ಹೆಸರಿನಿಂದ, ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಗಂಟೆ ಬಾರಿಸಿತು. ಹುಡುಗರು ಅವರಿಬ್ಬರನ್ನು ಬಳಸಿಕೊಂಡು ಓಡಿದರು. ಇಬ್ಬರೂ ಮಂದಿರದ ಮೆಟ್ಟಿಲ ಮೇಲೆ ಕೂತು ಲೂಷಸ್‌ನ ಮಾತಾಡಿದರು. ಅರಬ್ಬಿ ಕಲಿಯುವಾಗ ಅವನು ಮೀನು ಮಾರುವವಳಿಗೆ ಏನೋ ಹೇಳಹೋಗಿ ಏನೋ ಹೇಳಿ ಪೆಟ್ಟು ತಿಂದದ್ದನ್ನು ಲೊವೀನಾ ಹೇಳಿದಳು. ಅಸಾಹೆಲ್ ತಡವಾಗಿ ನಕ್ಕ. ಅವಳು ಅವನತ್ತ ತಿರುಗಿ ನೋಡಿದಳು.

“ಇಲ್ಲಿಗೆ ಬಂದ ಮೇಲೆ ನಿದ್ದೆ ಬರ್ತಿಲ್ಲ,” ಎಂದಳು. “ಬೆಳಗಿನ ಜಾವ ಎಚ್ಚರ ಆಗತ್ತೆ. ಮಸೀದಿ ಬಾಂಗ್ ಕೇಳಿಸ್ಬೇಕು, ಕತ್ತೆ ಮೇಲೆ ನೀರು ತರೋನು ಕೂಗ್ಬೇಕು. ಏನೂ ಇಲ್ಲ. ಬರೀ ಮೌನ. ಈ ಬ್ರೆಡ್ಡು ಬಾಯಲ್ಲಿ ಹತ್ತಿ ಆಗತ್ತೆ. ನನ್ನ ಹುಡುಗೀರು ಈಗ ಅಂಗಳ ಗುಡಿಸ್ತಿರ್ತಾರೆ, ಮರಿಯಂ ಅನ್ನೋಳು ಜೋರಾಗಿ ಹಾಡ್ತಿರ್ತಾಳೆ, ನಾನು ಬೈಬೇಕು ಅವಳನ್ನ...” ಅವಳ ದನಿ ಒಡೆಯಿತು. “ಹುಟ್ಟಿದೂರಿಗೆ ಬಂದು ಮನೆ ನೆನೆಸ್ಕೊಂಡು ಅಳ್ತಾ ಇದೀನಿ ನೋಡು. ಎಂಥ ಹುಚ್ಚು.”

“ಹುಚ್ಚಲ್ಲ,” ಎಂದ ಅಸಾಹೆಲ್. ಅದೇನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಇಲ್ಲೇ ಇರು ಎಂಬ ಮಾತನ್ನು ಅವನು ಮತ್ತೆ ಎದೆಯಲ್ಲಿಟ್ಟುಕೊಂಡು ಬಂದಿದ್ದ. ಆ ಮಾತನ್ನು ಈಗ ಆಡಬೇಕಾದ ಅಗತ್ಯ ಕಾಣಲಿಲ್ಲ. “ಯಾವಾಗ ಹೊರಡ್ತೀಯ?” ಎಂದು ಕೇಳಿದ.

ಮರುವಾರ ಅವನೇ ಅವಳನ್ನು ರೈಲು ನಿಲ್ದಾಣಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ಅವಳು ತನ್ನ ಹುಡುಗಿಯರ ಹೆಸರು ಹೇಳುತ್ತಾ ಹೋದಳು, ಯಾರು ಜಗಳಗಂಟಿ, ಯಾರು ಲೆಕ್ಕದಲ್ಲಿ ಚುರುಕು ಎಂದು. ಅವನು ಮರಿಯಂ ಎಂಬುವಳನ್ನು ಕುರಿತು ಕೇಳಿದಷ್ಟೂ ಅವಳ ಮುಖ ಅರಳುತ್ತಿತ್ತು. ಆ ಮುಖವನ್ನು ಅವನು ಕಣ್ತುಂಬ ನೋಡಿದ. ರೈಲಿನ ಮೆಟ್ಟಿಲೇರಿದ ಮೇಲೆ ಅವಳು ತಿರುಗಿ, ಎರಡೂ ಕೈಗಳಿಂದ ಅವನ ಕೈ ಹಿಡಿದುಕೊಂಡಳು.

“ಅವತ್ತು ನೀನು ಬೈರೂತಿನ ಮಾತು ಹೇಳದೇ ಇದ್ದಿದ್ರೆ, ನಾನು ಹೂಂ ಅಂತಿದ್ದೆ. ಅದು ನಿಂಗೆ ಗೊತ್ತಾ?”

“ಗೊತ್ತು,” ಎಂದ ಅಸಾಹೆಲ್.

ರೈಲು ಹೋಯಿತು. ಅವನು ಆಶ್‌ಬ್ರೂಕಿಗೆ ಮರಳುವ ಹೊತ್ತಿಗೆ ಮಧ್ಯಾಹ್ನದ ತರಗತಿಗೆ ತಡವಾಗಿತ್ತು. ಒಳಗೆ ಹುಡುಗರ ಕೋಲಾಹಲ. ಯಾರೋ ಮೇಜಿನ ಮೇಲೆ ಹತ್ತಿ ನಿಂತು ಮೇಷ್ಟ್ರ ಕುಂಟುನಡಿಗೆಯ ಅಣಕ ಮಾಡುತ್ತಿದ್ದ. ಬಾಗಿಲಲ್ಲಿ ಅವನನ್ನು ಕಂಡು ಎಲ್ಲರೂ ಉಸಿರು ಬಿಗಿಹಿಡಿದರು. ಮೇಜಿನ ಮೇಲಿದ್ದವನ ಮುಖ ಸುಣ್ಣವಾಯಿತು.

“ಎಡಗಾಲು ಇನ್ನೂ ಸ್ವಲ್ಪ ಎಳೀಬೇಕು,” ಎಂದ ಅಸಾಹೆಲ್. “ಇಳಿ ಕೆಳಗೆ. ಪುಸ್ತಕ ತೆಗೀರಿ.”

ಹುಡುಗರು ನಗಬಹುದೋ ಬೇಡವೋ ತಿಳಿಯದೆ ಪುಸ್ತಕ ತೆರೆದರು. ಅವನು ಕೋಟು ತೆಗೆದು ಮೊಳೆಗೆ ಹಾಕಿ, ಕಿಟಕಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತು, ಮೊದಲ ಬೆಂಚಿನವನಿಗೆ ಓದಲು ಸನ್ನೆ ಮಾಡಿದ. ಹುಡುಗ ತಡವರಿಸುತ್ತಾ ಒಂದು ಸಾಲು ಓದಿ ಮುಗಿಸಿ ತಲೆ ಎತ್ತಿದ. ಮೇಷ್ಟ್ರು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಮತ್ತೆ ಓದ್ಲಾ ಸರ್?”

“ಓದು,” ಎಂದ ಅಸಾಹೆಲ್. “ನಿಧಾನವಾಗಿ.”